ಬಾವುಟದಲ್ಲೊಂದು ಪ್ರಕ್ಷಿಪ್ತ ನಕ್ಷತ್ರ

ಶಿಕಾಗೋ ಎಂದರೆ ನಮಗೆ ವಿವೇಕಾನಂದರ ಭಾಷಣ ನೆನಪಾಗುತ್ತದೆ, ಇಲ್ಲವೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್. ಆ ನಗರದ ಬಾವುಟವನ್ನು ನಾನು ಗಮನಿಸಿದ್ದು ತಡವಾಗಿ. ಬಿಳಿಯ ಬಟ್ಟೆ, ಎರಡು ತಿಳಿನೀಲಿ ಪಟ್ಟಿ, ನಡುವೆ ಸಾಲಾಗಿ ನಾಲ್ಕು ಕೆಂಪು ನಕ್ಷತ್ರ. ನೋಡಲು ಇಷ್ಟೇ. ಓದಲು ಹೊರಟರೆ ಗ್ರಂಥಸಂಪಾದನೆಯ ತರಗತಿ ನೆನಪಾಗುತ್ತದೆ.

ವ್ಯಾಲೇಸ್ ರೈಸ್ ರಚಿಸಿದ ಈ ಬಾವುಟವನ್ನು ನಗರಸಭೆ ಒಪ್ಪಿಕೊಂಡದ್ದು 1917ರಲ್ಲಿ. ನೀಲಿ ಪಟ್ಟಿಗಳೆಂದರೆ ನೀರು: ಮಿಶಿಗನ್ ಸರೋವರ, ಶಿಕಾಗೋ ನದಿಯ ಕವಲುಗಳು, ಕಾಲುವೆ. ಮೂರು ಬಿಳಿ ಪಟ್ಟಿಗಳು ನಗರದ ಉತ್ತರ, ಪಶ್ಚಿಮ, ದಕ್ಷಿಣ ಭಾಗಗಳು. (ಪೂರ್ವಕ್ಕೆ ಸರೋವರವೇ ಇದೆಯಲ್ಲ!) ಐದು ಮೊನೆಯ ನಕ್ಷತ್ರ ಸಾರ್ವಭೌಮ ರಾಜ್ಯಗಳಿಗೆ ಸೇರಿದ್ದೆಂದು ರೈಸ್ ಆರು ಮೊನೆ ಇಟ್ಟರು. ಮೂಲಪಾಠದಲ್ಲಿ ನಕ್ಷತ್ರಗಳು ಎರಡೇ. ಒಂದು 1871ರ ಮಹಾ ಬೆಂಕಿಗೆ, ಇನ್ನೊಂದು 1893ರ ವಿಶ್ವಮೇಳಕ್ಕೆ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಮೇಳದ ಜೊತೆಗೆ. ಸುಟ್ಟುಹೋದ ಊರು 22 ವರ್ಷದಲ್ಲಿ ಜಗತ್ತನ್ನೇ ಮನೆಗೆ ಕರೆಯಿತು. ತನ್ನ ಸುಟ್ಟ ಗಾಯವನ್ನೂ ಬಾವುಟಕ್ಕೆ ಹೊಲಿದುಕೊಂಡಿತು. ನನ್ನ ಮಟ್ಟಿಗೆ ಇದೇ ಒಳ್ಳೆಯ ಪಾಠ.

1933ರಲ್ಲಿ ಇನ್ನೊಂದು ಮೇಳದ ನೆಪದಲ್ಲಿ ಮೂರನೆಯ ನಕ್ಷತ್ರ ಬಂತು. ಅದರ ಮೊನೆಗಳಲ್ಲಿ ನಗರ ತನ್ನ ಬಿರುದುಗಳನ್ನು ತಾನೇ ಹೇಳಿಕೊಳ್ಳುತ್ತದೆ, ನಮ್ಮ ಶಾಸನಗಳ ಪ್ರಶಸ್ತಿಭಾಗದ ಹಾಗೆ. ಅದನ್ನು ದಾಟಿ ಹೋಗಬಹುದು.

ದಾಟಲಾಗದ್ದು ನಾಲ್ಕನೆಯದು. 1803ರಲ್ಲಿ ಕಟ್ಟಿದ ಫೋರ್ಟ್ ಡಿಯರ್‌ಬಾರ್ನ್ ಎಂಬ ಸೇನಾ ಕೋಟೆಯ ನೆನಪಿಗೆ 1939ರಲ್ಲಿ ಇದು ಸೇರಿತು. ಎಲ್ಲಕ್ಕಿಂತ ಕೊನೆಗೆ ಸೇರಿದ ಈ ನಕ್ಷತ್ರವನ್ನು ಕೂರಿಸಿದ್ದು ಮಾತ್ರ ಎಲ್ಲಕ್ಕಿಂತ ಮೊದಲು, ಕಂಬದ ಪಕ್ಕದಲ್ಲೇ. ಯಾವನೋ ಲಿಪಿಕಾರ ಕಾವ್ಯದ ಮೊದಲ ಪದ್ಯವನ್ನೇ ತಾನು ಬರೆದು ಸೇರಿಸಿದಂತೆ. ಇದರ ಆರು ಮೊನೆಗಳು ಆ ನೆಲವನ್ನು ಆಳಿದವರ ಪಟ್ಟಿ: ಫ್ರಾನ್ಸ್, ಬ್ರಿಟನ್, ವರ್ಜೀನಿಯಾ, ವಾಯವ್ಯ ಪ್ರಾಂತ್ಯ, ಇಂಡಿಯಾನಾ ಪ್ರಾಂತ್ಯ, ಇಲಿನಾಯ್. ನೆಲದಲ್ಲಿ ಬಾಳಿದ ಪೊಟವಾಟೊಮಿ ಜನರಿಗೆ ಒಂದು ಮೊನೆಯೂ ಇಲ್ಲ.

ಕಾಲಾನುಕ್ರಮ ಪಾಲಿಸಿದ್ದಾರೆ ಅಷ್ಟೇ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಡು ಸಾಬ್ಲ್ ಎಲ್ಲಿ? ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡು ಸಾಬ್ಲ್ ಎಂಬ ಕಪ್ಪು ವ್ಯಾಪಾರಿ, ಪೊಟವಾಟೊಮಿ ಹೆಣ್ಣನ್ನು ಮದುವೆಯಾದವನು, ನದಿಯ ಬಾಯಲ್ಲಿ ಮನೆ ಕಟ್ಟಿ ವ್ಯಾಪಾರ ಮಾಡಿ, 1800ರಲ್ಲಿ ಎಲ್ಲ ಮಾರಿ ಹೊರಟುಹೋದ. ಕೋಟೆ ಏಳಲು ಇನ್ನೂ ಮೂರು ವರ್ಷವಿತ್ತು. ಮನೆಯಿಂದ ಶುರುವಾದ ಊರನ್ನು ಬಾವುಟ ಕೋಟೆಯಿಂದ ಶುರುಮಾಡುತ್ತದೆ.

2021ರಲ್ಲಿ ಸರೋವರದ ದಂಡೆಯ ಹೆದ್ದಾರಿಗೆ ಡು ಸಾಬ್ಲ್ ಹೆಸರು ಸೇರಿಸಿದರು. ಬಾವುಟದ ಮೊದಲ ನಕ್ಷತ್ರ ಇನ್ನೂ ಕೋಟೆಯದೇ.