ನಿರ್ಬಂಧವೂ ಕಲ್ಪನೆಯೂ

ಕಾದಂಬರಿಕಾರನು ತನ್ನ ನಾಯಕನನ್ನು ಎಷ್ಟು ಕಾಲ ಬದುಕಿಸಬೇಕೆಂಬುದನ್ನು ತಾನೇ ನಿಶ್ಚಯಿಸಬಲ್ಲನು. ದೂರದರ್ಶನದ ಧಾರಾವಾಹಿಯನ್ನು ಬರೆಯತಕ್ಕವನಿಗೆ ಆ ಸ್ವಾತಂತ್ರ್ಯವಿಲ್ಲ. ನಟನು ಕಾಯಿಲೆ ಬಿದ್ದರೆ, ಸಂಸ್ಥೆಯವರು ಹಣವನ್ನು ಮೊಟಕುಗೊಳಿಸಿದರೆ, ನೋಡುವವರ ಸಂಖ್ಯೆ ಇಳಿದು ಅಧಿಕಾರದಲ್ಲಿರುವವರ ಮನಸ್ಸು ತಿರುಗಿದರೆ, ಕಥೆಯು ತನ್ನ ಆಂತರಿಕ ಧರ್ಮಕ್ಕೆ ಯಾವ ಸಂಬಂಧವೂ ಇಲ್ಲದ ಕಾರಣಗಳಿಗಾಗಿ ದಿಕ್ಕು ಬದಲಿಸಬೇಕಾಗುತ್ತದೆ, ಇಲ್ಲವೆ ಅರ್ಧದಲ್ಲಿಯೇ ನಿಂತುಬಿಡಬೇಕಾಗುತ್ತದೆ. ಇವೆಲ್ಲ ಕೃತಿಯ ಹೊರಗಿನ ವ್ಯವಹಾರಗಳೆಂದು ವಿಮರ್ಶೆಯು ಸಾಧಾರಣವಾಗಿ ಬದಿಗಿಡುತ್ತದೆ. ಹಾಗೆ ಬದಿಗಿಡಲು ಎಳ್ಳಷ್ಟೂ ಆಗದ ಒಂದು ಕೃತಿ ಬಿಬಿಸಿಯ ‘ಡಾಕ್ಟರ್ ಹೂ’. 1963ರ ನವೆಂಬರ್ 23ರಂದು ಆರಂಭವಾಗಿ, 26 ಸೀಸನ್‌ಗಳ ತರುವಾಯ 1989ರಲ್ಲಿ ನಿಂತು, 2005ರಲ್ಲಿ ಮತ್ತೆ ಜೀವ ತಳೆದ ಈ ಧಾರಾವಾಹಿಯ ಅತ್ಯುತ್ತಮ ಭಾಗಗಳಲ್ಲಿ ಹಲವು ಅದರ ಕಷ್ಟಕಾಲದಲ್ಲಿಯೇ ಹುಟ್ಟಿದವು. ಕೊರತೆಯನ್ನು ಕಥೆಯ ಒಳಕ್ಕೆ ಬರಮಾಡಿಕೊಂಡು ಅದರಿಂದ ಪಾತ್ರಗಳ ಬಾಳಿನಲ್ಲಿ ಒಂದು ಪರಿಣಾಮವುಂಟಾಗುವಂತೆ ಮಾಡಿದ ಕಡೆಗಳಲ್ಲೆಲ್ಲ ಅದು ಗೆದ್ದಿದೆ. ಪರಿಣಾಮಕ್ಕೆ ಅಂಜಿದ ಕಡೆಗಳಲ್ಲೆಲ್ಲ ಸೋತಿದೆ.

ಡಾಕ್ಟರನೆಂಬ ಹೆಸರಿನ ಅನ್ಯಗ್ರಹದ ಜೀವಿಯೊಬ್ಬನು ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸತಕ್ಕ ಒಂದು ನೌಕೆಯಲ್ಲಿ ಕೆಲವು ಸಂಗಡಿಗರೊಡನೆ ಅಲೆಯುತ್ತಾನೆ. ಇಷ್ಟೇ ಅದರ ಮೂಲಕಲ್ಪನೆ. ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನ್ ಮೊದಲನೆಯ ಕಥೆಯನ್ನು ನಿರ್ದೇಶಿಸಿದರು. ವೆರಿಟಿ ಲ್ಯಾಂಬರ್ಟ್ ನಿರ್ಮಾಪಕಿ. ನೌಕೆಯು ಇಳಿದ ಸ್ಥಳಕ್ಕೆ ತಕ್ಕಂತೆ ರೂಪವನ್ನು ಬದಲಿಸಬೇಕಾದುದು. ಆದರೆ ಕಥೆಗೊಂದರಂತೆ ಹೊಸ ನೌಕೆಯನ್ನು ಕಟ್ಟಿಸುವ ಅನುಕೂಲ ಅವರಿಗಿರಲಿಲ್ಲ. ಆದುದರಿಂದ ರೂಪ ಬದಲಿಸುವ ಯಂತ್ರವೇ ಕೆಟ್ಟುಹೋಯಿತೆಂದು ಕಥೆಯಲ್ಲಿ ಹೇಳಿ, ಆಗ ಲಂಡನ್ನಿನ ಬೀದಿಗಳಲ್ಲಿ ಕಾಣುತ್ತಿದ್ದ ಪೊಲೀಸ್ ದೂರವಾಣಿ ಪೆಟ್ಟಿಗೆಯ ಆಕಾರದಲ್ಲಿಯೇ ಅದನ್ನು ಉಳಿಸಿಕೊಂಡರು. ಈ ಮಿತವ್ಯಯದ ಕೂಸೇ ಮುಂದೆ ಧಾರಾವಾಹಿಯ ಲಾಂಛನವಾಯಿತು.

ಇದಕ್ಕಿಂತ ಗುರುತರವಾದ ಸಂಕಟ 1966ರಲ್ಲಿ ಎದುರಾಯಿತು. ನಾಯಕನ ಪಾತ್ರವನ್ನು ವಹಿಸಿದ್ದ ವಿಲಿಯಂ ಹಾರ್ಟ್ನೆಲ್ಲರ ಆರೋಗ್ಯ ಕುಸಿದು, ಮಾತುಗಳನ್ನು ನೆನಪಿಟ್ಟುಕೊಳ್ಳುವುದೇ ಅವರಿಗೆ ದುಸ್ತರವಾಗಿದ್ದಿತು. ಅವರ ಕೊನೆಯ ಕಥೆಯಾದ ‘ದಿ ಟೆಂತ್ ಪ್ಲಾನೆಟ್’ನ ಮೂರನೆಯ ಕಂತಿಗೆ ಅವರು ಬರಲೇ ಆಗದೆ, ಡಾಕ್ಟರನು ಮೂರ್ಛೆಹೋಗಿದ್ದಾನೆಂದು ತೋರಿಸಿ ಅವರ ಮಾತುಗಳನ್ನು ಇತರ ಪಾತ್ರಗಳಿಗೆ ಹಂಚಬೇಕಾಯಿತು. ನಾಲ್ಕನೆಯ ಕಂತಿನ ಅಂತ್ಯದಲ್ಲಿ ವೃದ್ಧನು ನೌಕೆಯ ನೆಲದ ಮೇಲೆ ಕುಸಿಯುತ್ತಾನೆ. ಬೆಳಕು ಮಿತಿಮೀರಿ ಏರಿ ಮುಖದ ರೇಖೆಗಳೆಲ್ಲ ಅದರಲ್ಲಿ ಕರಗುತ್ತವೆ. ಬೆಳಕು ಇಳಿದಾಗ ಅಲ್ಲಿರುವುದು ಹೊಸ ನಟರಾದ ಪ್ಯಾಟ್ರಿಕ್ ಟ್ರೌಟನ್ನರ ಮುಖ. ಆ ಕಂತಿನ ಪ್ರತಿ ಬಿಬಿಸಿಯ ಭಂಡಾರದಿಂದ ನಷ್ಟವಾಗಿದ್ದರೂ, ಮುಖಾಂತರದ ಈ ತುಣುಕು ಮಾತ್ರ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಬಳಕೆಯಾಗಿದ್ದುದರಿಂದ ನಮಗೆ ಉಳಿದುಬಂದಿದೆ.

ನಟನನ್ನು ಬದಲಿಸುವುದರಲ್ಲಿ ಹೊಸತೇನೂ ಇಲ್ಲವೆಂದು ಯಾರಾದರೂ ಹೇಳಬಹುದು. ಯಕ್ಷಗಾನದ ಇಡೀ ರಾತ್ರಿಯ ಆಟದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬರೂ ಉತ್ತರಾರ್ಧದಲ್ಲಿ ಮತ್ತೊಬ್ಬರೂ ನಿರ್ವಹಿಸುವುದನ್ನು ಕಂಡು ಬೆಳೆದ ನಮಗೆ ಅದರಲ್ಲಿ ಯಾವ ವಿಸ್ಮಯವೂ ತೋರದು; ಅಲ್ಲಿ ಬಣ್ಣ, ವೇಷ ಮತ್ತು ಭಾಗವತರ ಪದಗಳೇ ಪಾತ್ರವನ್ನು ಹೊತ್ತು ನಡೆಸುತ್ತವೆ. ಮುಖವನ್ನು ಅಂಗೈಯಷ್ಟು ಹತ್ತಿರಕ್ಕೆ ತಂದು ತೋರಿಸತಕ್ಕ ದೂರದರ್ಶನಕ್ಕೆ ಆ ಸೌಕರ್ಯವಿಲ್ಲ. ಅಲ್ಲಿ ಪಾತ್ರವೆಂದರೆ ಬಹುಮಟ್ಟಿಗೆ ಆ ಮುಖವೇ. ಹೊಸ ನಟನನ್ನು ತಂದು ನಿಲ್ಲಿಸಿ ಏನೂ ನಡೆಯದಂತೆ ಕಥೆಯನ್ನು ಮುಂದುವರಿಸುವುದು ನಮ್ಮ ಧಾರಾವಾಹಿಗಳಲ್ಲಿಯೂ ಪರದೇಶದ ಧಾರಾವಾಹಿಗಳಲ್ಲಿಯೂ ಸಾಮಾನ್ಯ. ಪ್ರೇಕ್ಷಕನು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಾನೆ. ಆದರೆ ಇಲ್ಲಿ ನಡೆದುದು ಬೇರೆ. ಮುಂದಿನ ಕಥೆಯಾದ ‘ದಿ ಪವರ್ ಆಫ್ ದಿ ಡಾಲೆಕ್ಸ್’ನಲ್ಲಿ ಸಂಗಡಿಗರಾದ ಬೆನ್ ಮತ್ತು ಪಾಲಿ ಹೊಸಬನನ್ನು ದಿಟ್ಟಿಸಿ ನೋಡುತ್ತಾರೆ, ಪಾಲಿ ನಂಬಲು ಸಿದ್ಧಳಾದರೂ ಬೆನ್ ನಂಬಲೊಲ್ಲನು. ಪ್ರೇಕ್ಷಕನ ಮನಸ್ಸಿನಲ್ಲಿದ್ದ ಸಂಶಯಕ್ಕೆ ಕಥೆಯೊಳಗೇ ಒಬ್ಬ ವಕೀಲನು ದೊರೆತಂತಾಯಿತು. ಕಡೆಗೆ ಆ ಸಂಶಯವನ್ನು ತೀರಿಸುವುದಾದರೂ ಯಾವುದು? ಡಾಕ್ಟರನ ಪರಮವೈರಿಯಾದ ಡಾಲೆಕ್, ಎಲ್ಲರ ನಡುವೆ ತನ್ನ ಕಣ್ಣಿನ ಕೋಲನ್ನು ಅವನ ಕಡೆಗೇ ತಿರುಗಿಸಿ, ಅವನನ್ನು ಗುರುತಿಸುತ್ತದೆ. ಸ್ನೇಹಿತನಿಗೆ ದಕ್ಕದ ಗುರುತು ದ್ವೇಷಿಗೆ ದಕ್ಕಿತೆಂಬ ಈ ಯೋಜನೆಯ ಔಚಿತ್ಯವನ್ನು ನಾನು ಎಷ್ಟು ಹೊಗಳಿದರೂ ಸಾಲದು.

ಎರಡು ವರ್ಷಗಳ ತರುವಾಯ, 1968ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ದಿ ಮೈಂಡ್ ರಾಬರ್’ ಎಂಬ ಐದು ಕಂತುಗಳ ಕಥೆಯಲ್ಲಿ ಈ ವಿದ್ಯೆ ಪರಾಕಾಷ್ಠೆಯನ್ನು ಮುಟ್ಟಿತು. ಅದರ ಹಿಂದಿನ ಕಥೆಯನ್ನು ಆರು ಕಂತುಗಳಿಂದ ಐದಕ್ಕೆ ಇಳಿಸಿದ್ದುದರಿಂದ ಇಲ್ಲಿ ಒಂದು ಕಂತು ಹೆಚ್ಚಾಗಿ ಬೇಕಾಯಿತು. ಅದಕ್ಕೆ ಹಣವಿಲ್ಲ, ಹೊಸ ನಟರಿಲ್ಲ, ಹೊಸ ಸೆಟ್ಟೂ ಇಲ್ಲ. ಕಥಾಸಂಪಾದಕರಾಗಿದ್ದ ಡೆರಿಕ್ ಶೆರ್ವಿನ್ ಈ ಇಲ್ಲಗಳಿಂದಲೇ ಕಂತನ್ನು ರಚಿಸಿದರು. ನೌಕೆಯು ಕಾಲದೇಶಗಳೆರಡರಿಂದಲೂ ಆಚೆಗೆ, ಏನೂ ಇಲ್ಲದ ತಾಣಕ್ಕೆ ಬಂದು ನಿಲ್ಲುತ್ತದೆ: ಬರಿಯ ಬಿಳುಪು, ದಿಕ್ಕಿಲ್ಲ, ನೆರಳಿಲ್ಲ. ಆ ಬಿಳುಪಿನಲ್ಲಿ ಸಂಗಡಿಗರಾದ ಜೇಮಿ ಮತ್ತು ಜೋಯಿಗೆ ತಮ್ಮ ತಮ್ಮ ಊರುಗಳು ಕಂಡಂತಾಗಿ, ಅವು ಅವರನ್ನು ಹೊರಕ್ಕೆ ಕರೆಯುತ್ತವೆ. ಅವರನ್ನು ಸುತ್ತುವರಿಯುವ ಬಿಳಿಯ ಯಂತ್ರಮಾನವರ ವೇಷಗಳು ಕೂಡ ಬಿಬಿಸಿಯ ಬೇರೊಂದು ಧಾರಾವಾಹಿಯಿಂದ ಎರವಲು ತಂದವು. ದುಬಾರಿಯ ಸೆಟ್ಟುಗಳಿಂದ ತುಂಬಿದ ಎಷ್ಟೋ ಕಂತುಗಳು ಹುಟ್ಟಿಸಲಾರದ ಭಯವನ್ನು ಈ ಬರಿದಾದ ಸ್ಟುಡಿಯೋ ಹುಟ್ಟಿಸುತ್ತದೆ.

ಅಷ್ಟರಲ್ಲಿ ಜೇಮಿಯ ಪಾತ್ರಧಾರಿಯಾದ ಫ್ರೇಜರ್ ಹೈನ್ಸರಿಗೆ ಸೀತಾಳೆ ಸಿಡುಬು ಬಂದಿತು. ಒಂದು ವಾರದ ಮಟ್ಟಿಗೆ ಹೇಮಿಶ್ ವಿಲ್ಸನ್ ಎಂಬ ಬೇರೊಬ್ಬ ನಟನನ್ನು ತರಬೇಕಾಯಿತು. ಆ ಸಂಗತಿಯನ್ನು ಅವರು ಕಥೆಯೊಳಗೆ ಹೊಂದಿಸಿದ ರೀತಿಯನ್ನು ನೋಡಿ: ಆ ಬಿಳುಪನ್ನು ದಾಟಿ ಅವರು ಸೇರುವ, ಕಲ್ಪಿತ ಪಾತ್ರಗಳೇ ವಾಸಿಸುವ ನಾಡೊಂದರಲ್ಲಿ ಸಿಪಾಯಿಯೊಬ್ಬನು ಗುಂಡು ಹಾರಿಸಿದೊಡನೆ ಜೇಮಿಯು ರಟ್ಟಿನ ಬೊಂಬೆಯಾಗುತ್ತಾನೆ, ಬೊಂಬೆಗೆ ಮುಖವಿಲ್ಲ. ಕಣ್ಣು, ಮೂಗು, ಬಾಯಿಗಳ ಚಿತ್ರಗಳು ಪಕ್ಕದಲ್ಲಿ ಬಿಡಿಬಿಡಿಯಾಗಿ ಇವೆ. ಡಾಕ್ಟರನು ಅವನ್ನು ಆರಿಸಿ ಜೋಡಿಸುತ್ತಾನೆ, ಜೋಡಣೆ ತಪ್ಪುತ್ತದೆ, ಎದ್ದು ಬಂದವನಲ್ಲಿ ಜೇಮಿಯ ಮಾತು, ಜೇಮಿಯ ಸ್ವಭಾವ, ಆದರೆ ಮುಖ ಮಾತ್ರ ಬೇರೊಬ್ಬನದು. ಮುಂದಿನ ಕಂತಿನಲ್ಲಿ ಅದೇ ಒಗಟು ಮತ್ತೆ ಎದುರಾದಾಗ ಜೋಯಿಯ ನೆರವಿನಿಂದ ಅದು ಸರಿಹೋಗುತ್ತದೆ, ಗುಣಮುಖರಾದ ಹೈನ್ಸ್ ಹಿಂದಿರುಗುತ್ತಾರೆ. ರೋಗಿಯೊಬ್ಬನ ರಜೆಯನ್ನು ಇದಕ್ಕಿಂತ ಸಾರ್ಥಕವಾಗಿ ಬಳಸಿಕೊಂಡ ಉದಾಹರಣೆಯನ್ನು ನಾನು ಕಾಣೆ. ನಿತ್ಯವೂ ಜತೆಗಿರುವ ಮಿತ್ರನ ಮುಖ ಡಾಕ್ಟರನ ನೆನಪಿನಲ್ಲಿ ಸರಿಯಾಗಿ ನಿಂತಿರಲಿಲ್ಲವೆಂಬುದು ಅವನ ಶೀಲದ ಮೇಲೆ ಹೊಸ ಬೆಳಕನ್ನು ಬೀರುತ್ತದೆ; ಹೀಗೆ ಮರೆತವನು ತನ್ನ ಮುಖವನ್ನೇ ಕಳೆದುಕೊಂಡು ಬದುಕಿದವನೆಂಬುದು ಪ್ರೇಕ್ಷಕನ ನೆನಪಿಗೆ ಬಂದರೆ ಆ ಬೆಳಕು ಇನ್ನೂ ತೀಕ್ಷ್ಣವಾಗುತ್ತದೆ.

ಈ ಕಥೆಯ ಮುಖ್ಯಭಾಗವನ್ನು ಬರೆದ ಪೀಟರ್ ಲಿಂಗ್ ಸ್ವತಃ ಜನಪ್ರಿಯ ಧಾರಾವಾಹಿಗಳ ಲೇಖಕರು. ಆ ಕಲ್ಪಿತ ನಾಡಿನ ಒಡೆಯನೂ ಒಬ್ಬ ಲೇಖಕನೇ: ಹುಡುಗರ ಪತ್ರಿಕೆಯೊಂದಕ್ಕೆ ಕಾಲು ಶತಮಾನ ಕಾಲ ವಾರ ತಪ್ಪದೆ ಸಾಹಸಕಥೆಗಳನ್ನು ಬರೆದವನು, ಆ ಅಕ್ಷಯವಾದ ಉತ್ಪಾದನೆಯ ಸಲುವಾಗಿಯೇ ಅಪಹೃತನಾಗಿ ಯಂತ್ರವೊಂದಕ್ಕೆ ದಾಸನಾಗಿದ್ದಾನೆ. ಈಗ ಮುದುಕನಾಗಿರುವನಾದ್ದರಿಂದ ಯಂತ್ರಕ್ಕೆ ಅವನ ಸ್ಥಾನದಲ್ಲಿ ಡಾಕ್ಟರನು ಬೇಕು. ಧಾರಾವಾಹಿಯನ್ನು ಬರೆಯುವವರ ಬದುಕನ್ನೂ, ನಟರು ಬದಲಾದರೂ ನಿಲ್ಲದೆ ಉರುಳುವ ಅದರ ಚಕ್ರವನ್ನೂ ಅದರೊಳಗಿನಿಂದಲೇ ಹೀಗೆ ಕಂಡರಿಸಿದ ಧೈರ್ಯ ಅಪರೂಪದ್ದು.

1970ರಲ್ಲಿ ವರ್ಷದ ಕಂತುಗಳು 44ರಿಂದ 25ಕ್ಕೆ ಇಳಿದವು. ಅನ್ಯಗ್ರಹಗಳನ್ನು ನಿರ್ಮಿಸುವ ವೆಚ್ಚವನ್ನು ತಪ್ಪಿಸುವುದಕ್ಕಾಗಿ ಡಾಕ್ಟರನಿಗೆ ಅವನ ಕುಲದವರಿಂದಲೇ ಭೂಮಿಗೆ ಗಡಿಪಾರಿನ ಶಿಕ್ಷೆಯನ್ನು ಕೊಡಿಸಲಾಗಿದ್ದಿತು. ಲೋಕಗಳನ್ನೆಲ್ಲ ಸುತ್ತಿದವನು ಒಂದೇ ಊರಿನ ಸರಕಾರಿ ಕಚೇರಿಗಳ ನಡುವೆ ಸಿಡಿಮಿಡಿಗೊಳ್ಳುವುದನ್ನು ಟ್ರೌಟನ್ನರ ತರುವಾಯ ಬಂದ ಜಾನ್ ಪರ್ಟ್ವೀ ಘನತೆಯಿಂದ ಅಭಿನಯಿಸಿದರು. ಆ ಕಾಲದ ಒಂದು ದೃಶ್ಯವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’ನಲ್ಲಿ ಅಂಗಡಿಯ ಬೊಂಬೆಗಳು ಜೀವ ತಳೆದು ಗಾಜನ್ನು ಒಡೆದು ಬೀದಿಗಿಳಿಯುತ್ತವೆ, ಗಾಜನ್ನು ನಿಜವಾಗಿ ಒಡೆಯಲು ಹಣವಿಲ್ಲದ್ದರಿಂದ ಒಡೆಯುವ ಸದ್ದು ಮಾತ್ರ ಕೇಳಿಸುತ್ತದೆ. 2005ರಲ್ಲಿ ಇದೇ ದೃಶ್ಯವನ್ನು ಮತ್ತೆ ರಚಿಸಿದಾಗ ಗಾಜು ನಮ್ಮ ಕಣ್ಣೆದುರಿಗೇ ಚೂರಾಯಿತು. ಸದ್ದನ್ನಷ್ಟೇ ಕೇಳಿಸಿದ ಹಳೆಯ ದೃಶ್ಯವೇ ನನ್ನ ದೃಷ್ಟಿಯಲ್ಲಿ ಮೇಲು, ಏಕೆಂದರೆ ಅಲ್ಲಿ ಭಯವು ಕಣ್ಣಿಗಿಂತ ಮೊದಲು ಕಿವಿಯನ್ನು ಮುಟ್ಟುತ್ತದೆ.

ಸೋಲಿನ ಅಧ್ಯಾಯವನ್ನೂ ಹೇಳದಿದ್ದರೆ ಅನ್ಯಾಯವಾದೀತು. 1985ರಲ್ಲಿ ಬಿಬಿಸಿಯು ಧಾರಾವಾಹಿಯನ್ನು ಸುಮಾರು 18 ತಿಂಗಳ ಕಾಲ ತಡೆಹಿಡಿಯಿತು. ಮರಳಿ ಬಂದಾಗ ನಿರ್ಮಾತೃಗಳು ಹಿಂದಿನ ವಿದ್ಯೆಯನ್ನೇ ನೆನೆದು, ವಿಚಾರಣೆಗೊಳಗಾದ ಧಾರಾವಾಹಿಯಲ್ಲಿ ಡಾಕ್ಟರನನ್ನೂ ನ್ಯಾಯಪೀಠದ ಮುಂದೆ ನಿಲ್ಲಿಸಿದರು. 14 ಕಂತುಗಳ ‘ದಿ ಟ್ರಯಲ್ ಆಫ್ ಎ ಟೈಮ್ ಲಾರ್ಡ್’ ಸಿದ್ಧವಾಯಿತು. ಕಲ್ಪನೆ ಉಚಿತವೇ. ಆದರೆ ಅಂತ್ಯಭಾಗವನ್ನು ಬರೆಯಬೇಕಾಗಿದ್ದ ರಾಬರ್ಟ್ ಹೋಮ್ಸ್ ನಿಧನರಾದರು. ಕಥಾಸಂಪಾದಕರಾಗಿದ್ದ ಎರಿಕ್ ಸೇವರ್ಡ್ ಕೊನೆಯ ಕಂತಿನ ತಮ್ಮ ಬರೆಹವನ್ನು ಹಿಂತೆಗೆದುಕೊಂಡರು. ಬೇರೆಯವರು ಅವಸರದಲ್ಲಿ ಅದನ್ನು ಮುಗಿಸಿದರು. ಮಧ್ಯದಲ್ಲಿ ಸಂಗಾತಿ ಪೆರಿಯ ಭೀಕರವಾದ ಅಂತ್ಯವನ್ನು ತೋರಿಸಿ, ಕಡೆಗೆ ಅವಳು ಸತ್ತೇ ಇಲ್ಲ, ರಾಜನೊಬ್ಬನನ್ನು ವರಿಸಿ ಸುಖವಾಗಿದ್ದಾಳೆಂದು ಒಂದು ಮಾತಿನಲ್ಲಿ ಹೇಳಿ ತೇಲಿಸಿದರು. ಪ್ರೇಕ್ಷಕನ ಶೋಕವನ್ನು ಸಾಲವಾಗಿ ಪಡೆದು ತೀರಿಸದೆ ಹೋದ ಕಥೆ ಅದು. ಆ ಬಳಿಕ ಆಗಿನ ಡಾಕ್ಟರನಾಗಿದ್ದ ಕಾಲಿನ್ ಬೇಕರರನ್ನು ಪಾತ್ರದಿಂದ ತೆಗೆದುಹಾಕಿದರು. ಮುಖಾಂತರದ ದೃಶ್ಯಕ್ಕಾಗಿ ಮತ್ತೆ ಬರಲು ಅವರು ಸಹಜವಾಗಿಯೇ ಒಪ್ಪಲಿಲ್ಲ. 1987ರಲ್ಲಿ ಹೊಸ ನಟರಾದ ಸಿಲ್ವೆಸ್ಟರ್ ಮೆಕಾಯ್ ಹಿಂದಿನವರ ಗುಂಗುರುಗೂದಲಿನ ವಿಗ್ಗನ್ನು ಧರಿಸಿ ನೆಲದ ಮೇಲೆ ಮಲಗಿ, ಮಸುಕಾದ ಬೆಳಕಿನಲ್ಲಿ ತಾವೇ ತಾವಾಗಿ ಬದಲಾದರು. 1966ರ ಕುಸಿತದಲ್ಲಿ ಒಂದು ಜೀವದ ಆಯಾಸವಿದ್ದಿತು. ಇಲ್ಲಿ ಯಾರೂ ಸಾಯಲಿಲ್ಲ, ಏನೂ ಕಳೆದುಹೋಗಲಿಲ್ಲ, ಯಾರಿಗೂ ದುಃಖವಾಗಲಿಲ್ಲ. ಮೆಕಾಯ್ ಕಾಲದ ಕೊನೆಯ ಎರಡು ವರ್ಷಗಳಲ್ಲಿ ಬರವಣಿಗೆ ಮತ್ತೆ ಚೇತರಿಸಿಕೊಂಡಿತಾದರೂ, ಆ ವೇಳೆಗೆ ಕಾಲ ಮೀರಿದ್ದಿತು. 1989ರ ಡಿಸೆಂಬರ್ 6ರ ಕಂತಿನ ತರುವಾಯ ಅದು ಮುಂದುವರಿಯಲಿಲ್ಲ.

1996ರ ಒಂದು ದೂರದರ್ಶನ ಚಲನಚಿತ್ರದ ಹೊರತು 16 ವರ್ಷಗಳ ಮೌನ. 2005ರಲ್ಲಿ ಪುನರಾರಂಭ ಮಾಡಿದ ರಸೆಲ್ ಟಿ. ಡೇವಿಸ್ ಆ ಅಂತರವನ್ನು ಮುಚ್ಚಿಡಲಿಲ್ಲ: ನಾವು ಕಾಣದ ಕಾಲದಲ್ಲಿ ಮಹಾಯುದ್ಧವೊಂದು ನಡೆದು, ಡಾಕ್ಟರನ ಕುಲವೆಲ್ಲ ನಾಶವಾಗಿ, ಅವನೊಬ್ಬನೇ ಉಳಿದಿದ್ದಾನೆ. ಆದರೆ ಆ ಡಾಕ್ಟರನಾದ ಕ್ರಿಸ್ಟೋಫರ್ ಎಕಲ್ಸ್ಟನ್ ಒಂದೇ ಸೀಸನ್‌ಗೆ ಹೊರಟುಹೋದರು. ಮೊದಲನೆಯ ಕಂತು ಪ್ರಸಾರವಾದ ವಾರದಲ್ಲಿಯೇ ಸುದ್ದಿ ಹೊರಬಿದ್ದಿತು. ಹೀಗೆ 13ನೆಯ ಕಂತಿನ ಅಂತ್ಯ ಪ್ರೇಕ್ಷಕನಿಗೆ ಮೊದಲೇ ಗೊತ್ತು. ಸಂಗಾತಿ ರೋಸ್‌ಳಿಗೆ ಮಾತ್ರ ಗೊತ್ತಿಲ್ಲ. ಅವಳನ್ನು ಉಳಿಸುವುದಕ್ಕಾಗಿಯೇ ಅವನು ಆ ದೇಹವನ್ನು ಕಳೆದುಕೊಳ್ಳುತ್ತಾನೆ. ಇದಕ್ಕಿಂತಲೂ ನಾನು ಮೆಚ್ಚುವುದು ಆ ವರ್ಷದ ಕ್ರಿಸ್ಮಸ್ ಕಂತನ್ನು. ಹೊಸ ನಟರಾದ ಡೇವಿಡ್ ಟೆನೆಂಟರನ್ನು ನೋಡಲೆಂದೇ ಕುಳಿತ ಜನರ ಮುಂದೆ ಲೇಖಕರು ಅವರನ್ನು ಕಂತಿನ ಬಹುಭಾಗ ಹಾಸಿಗೆಯ ಮೇಲೆ ಪ್ರಜ್ಞೆಯಿಲ್ಲದೆ ಮಲಗಿಸಿ, ಆ ಸಮಯವನ್ನೆಲ್ಲ ರೋಸ್‌ಳ ಕಳವಳಕ್ಕೆ ಬಿಟ್ಟುಕೊಟ್ಟರು. ಬೆನ್ನನ ಸಂಶಯಕ್ಕೆ ಹಿಂದೆ ದೊರೆತ ಮರ್ಯಾದೆ ಇಲ್ಲಿ ರೋಸ್‌ಳ ದುಃಖಕ್ಕೆ ದೊರೆತುದರಿಂದ, ಅವನು ಎದ್ದು ನಿಂತಾಗ ಅವನೇ ಡಾಕ್ಟರನೆಂಬುದನ್ನು ಅವಳೊಡನೆ ನಾವೂ ಒಪ್ಪಿಕೊಂಡಿರುತ್ತೇವೆ.