ಹಲ್ಲೆಣಿಸಿ ಮುಗಿಯುವ ತಪಾಸಣೆ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಬೇಕು. ಕಾರವಾರದಿಂದ ಕಾಳಿ ನದಿಯ ಆಚೆ ದಡದ ಸದಾಶಿವಗಡದ ಶಾಲೆಗಳೂ ಇದರೊಳಗೇ ಬರುತ್ತವೆ. ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲಿದೆ, ಕಿವಿಯ ಸೋಂಕಿದೆ. ಹಲ್ಲಿಗೂ ಕಿವಿಗೂ ನಡುವಿನ ದವಡೆ ಕೀಲು ಮಾತ್ರ ಇಲ್ಲ. ಸೀಳುತುಟಿಯನ್ನೂ ಹೃದಯದ ದೋಷವನ್ನೂ ಹುಡುಕಿಕೊಡುವ ಯೋಜನೆಯನ್ನು ಹೀಗಳೆಯಲು ಮನಸ್ಸಿಲ್ಲ; ಆದರೆ ಹದಿಹರೆಯದವರ ಮಟ್ಟಿಗೆ ಇದು ಅರೆಬರೆ ಕೆಲಸ.

ಒಂಬತ್ತನೇ ತರಗತಿಯ ಹುಡುಗಿ ಕಿವಿನೋವು ಎಂದರೆ ಮನೆಯವರು ಕಿವಿಗೆ ಔಷಧಿ ಬಿಡುತ್ತಾರೆ. ಎಷ್ಟೋ ಸಲ ಕಿವಿ ಸರಿಯಾಗಿಯೇ ಇದ್ದು ತೊಂದರೆ ದವಡೆ ಕೀಲಿನಲ್ಲಿರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರೆ ಕೀಲು ಕಟಕ್ ಎನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಬರೀ ಸದ್ದಿದ್ದು ನೋವಿಲ್ಲದಿದ್ದರೆ ಚಿಕಿತ್ಸೆ ಬೇಕಿಲ್ಲ ಎಂಬುದನ್ನೂ ಅವಳಿಗೆ ಹೇಳಬೇಕು, ಇಲ್ಲವಾದರೆ ಅದೇ ಹೊಸ ಚಿಂತೆ.

1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಕಾಸ್ಟೆನ್ ದವಡೆ ಕೀಲಿನ ಈ ನೋವಿಗೆ ಹಲ್ಲುಗಳ ಕಚ್ಚುವಿಕೆಯೇ ಕಾರಣವೆಂದ. ಆ ನಂಬಿಕೆಯಲ್ಲಿ ಹಲ್ಲು ಅರೆದು ಸರಿಮಾಡುವ ಚಿಕಿತ್ಸೆ ದಶಕಗಳ ಕಾಲ ನಡೆಯಿತು. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಮುಂದಿನ ಅಧ್ಯಯನಗಳು ಬೆರಳು ತೋರಿಸಿದ್ದು ಬೇರೆ ಕಡೆಗೆ: ಮೈನೆರೆದ ನಂತರದ ಹೆಣ್ಣುಮಕ್ಕಳು, ಪದೇಪದೇ ತಲೆನೋವು ಬೆನ್ನುನೋವು ಇರುವವರು, ನಿದ್ದೆಗೆಟ್ಟವರು, ಆತಂಕದವರು, ಹಗಲಲ್ಲೇ ಹಲ್ಲು ಕಚ್ಚಿಹಿಡಿಯುವವರು. ಗಲ್ಲಕ್ಕೆ ಬಿದ್ದ ಪೆಟ್ಟೂ ಸೇರುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದರಿಂದ ರೋಗ ಬಂತು ಎನ್ನಲೂ ಆಗದು, ಹಾಕಿಸಿದರೆ ತಪ್ಪುತ್ತದೆ ಎನ್ನಲೂ ಆಗದು. ಅಂದರೆ ಎಸ್ಸೆಸ್ಸೆಲ್ಸಿ ವರ್ಷದ ನಿದ್ದೆಯನ್ನು ವಿಚಾರಿಸದೆ ಬಾಯೊಳಗೆ ಟಾರ್ಚ್ ಬಿಟ್ಟರೆ ಕಾಣುವುದು ಕಡಿಮೆ.

ಸ್ವೀಡನ್ನಿನ ಒಂದು ಪ್ರಾಂತ್ಯದ ಸರ್ಕಾರಿ ದಂತ ಚಿಕಿತ್ಸಾಲಯಗಳಲ್ಲಿ 12ರಿಂದ 19 ವರ್ಷದವರಿಗೆ ಎರಡೇ ಪ್ರಶ್ನೆ ಕೇಳಿದರು. ಕಣತಲೆ, ಮುಖ, ದವಡೆ ಕೀಲಿನಲ್ಲಿ ವಾರಕ್ಕೊಮ್ಮೆಯಾದರೂ ನೋವು ಬರುತ್ತದೆಯೇ? ಬಾಯಿ ತೆರೆದಾಗ, ಅಗಿದಾಗ ವಾರಕ್ಕೊಮ್ಮೆಯಾದರೂ ನೋವಾಗುತ್ತದೆಯೇ? ನೂರಕ್ಕೆ ಸುಮಾರು ನಾಲ್ವರು ನೋವಿದೆ ಎಂದರು. ಹುಡುಗರ ಎರಡು ಪಟ್ಟು ಹುಡುಗಿಯರು. ಯಂತ್ರವಿಲ್ಲ, ಎಕ್ಸ್‌ರೇ ಇಲ್ಲ.

ನಮ್ಮಲ್ಲಿ ಈ ಎರಡು ಪ್ರಶ್ನೆಗಳ ಜೊತೆಗೆ ಒಂದು ಪರೀಕ್ಷೆ ಸೇರಿಸಲೇಬೇಕು. ಮಗುವಿನದೇ ಮೂರು ಬೆರಳು ನಿಲುವಾಗಿ ಜೋಡಿಸಿ ಮೇಲಿನ ಕೆಳಗಿನ ಬಾಚಿಹಲ್ಲುಗಳ ನಡುವೆ ಇಡಿಸುವುದು. ಹಿಡಿಸದಿದ್ದರೆ ಕೀಲನ್ನೇ ದೂರುವಂತಿಲ್ಲ. ಗುಟ್ಕಾ ಅಡಿಕೆ ಅಗಿದು ಕೆನ್ನೆಯ ಒಳಪದರ ಬಿಗಿದುಕೊಂಡರೂ ಬಾಯಿ ತೆರೆಯುವುದಿಲ್ಲ, ಅದು ಕ್ಯಾನ್ಸರಿಗೆ ತಿರುಗಬಲ್ಲ ಬೇರೆಯದೇ ರೋಗ. ಮೂರು ಬೆರಳಿನ ಈ ಪರೀಕ್ಷೆಗೆ ಎರಡೂ ಸಿಗುತ್ತವೆ, ಶಿಕ್ಷಕರೇ ಮಾಡಬಹುದು.

ಸದಾಶಿವಗಡದಲ್ಲಿ ಪ್ರಶ್ನೆಗಳನ್ನು ಕೊಂಕಣಿಯಲ್ಲೇ ಕೇಳಲಿ, ಹುಡುಗಿಯರನ್ನು ಬೇರೆ ಕೂರಿಸಿ ಕೇಳಲಿ. ಪಟ್ಟಿಗೆ ಇನ್ನೊಂದು ತೊಂದರೆ ಸೇರಲೆಂದು ಕಾಯಬೇಕಾದ್ದೇನಿಲ್ಲ, ತಪಾಸಣೆ ಕಾರ್ಡಿನಲ್ಲಿ ಹುಳುಕು ಹಲ್ಲಿನ ಪಕ್ಕ ಎರಡು ಉತ್ತರಗಳಿಗೂ ಬೆರಳಿನ ಪರೀಕ್ಷೆಗೂ ಜಾಗ ಸಾಕು. ಹೌದು ಎಂದವರನ್ನು, ಮೂರು ಬೆರಳು ಹಿಡಿಸದವರನ್ನು ಮಾತ್ರ ಸೇತುವೆ ದಾಟಿಸಿ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರಾಯಿತು. ಅವರಲ್ಲೂ ಹೆಚ್ಚಿನವರಿಗೆ ಬೇಕಾಗುವುದು ಕೆಲವು ದಿನ ಮೆತ್ತನೆಯ ಊಟ, ಬಿಸಿ ಶಾಖ, ಚಿಂಗಂ ಬಿಡುವುದು, ಹೊತ್ತಿಗೆ ನಿದ್ದೆ, ಓದುವಾಗ ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗದಂತೆ ಎಚ್ಚರ.