ತಟ್ಟೆಯಲ್ಲಿ ಸಿಗದ ವಚನಗಳು

ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ದೇವಾಲಯದ ಗಂಟೆ ಬಾರಿಸುತ್ತದೆ. ಸಭಾಪಾಲಕರು ಆಶೀರ್ವಾದ ಹೇಳುತ್ತಾರೆ. ‘ಹ್ಯಾಪಿ ನ್ಯೂ ಇಯರ್’ ಕೈಕುಲುಕಾಟ ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲೇ ಜನ ಸಾಲುಗಟ್ಟಿರುತ್ತಾರೆ. ಎದುರಿಗೆ ಒಂದು ಸ್ಟೀಲ್ ತಟ್ಟೆ, ಅದರ ತುಂಬ ಮಗುಚಿಟ್ಟ ವಾಗ್ದಾನದ ಕಾರ್ಡುಗಳು. ಹೊಳಪು ಕಾಗದ, ಹಿನ್ನೆಲೆಗೆ ಹಿಮದ ಬೆಟ್ಟವೋ ಗುಲಾಬಿಯೋ, ಮೇಲೆ ಬಂಗಾರದ ಬಣ್ಣದಲ್ಲಿ ಬೈಬಲಿನ ಒಂದೇ ಒಂದು ವಚನ. ಮಗುವಿನ ಕೈಯಿಂದ ತೆಗೆಸುವವರಿದ್ದಾರೆ, ಕಣ್ಣು ಮುಚ್ಚಿ ತಳದಿಂದ ಎಳೆಯುವವರಿದ್ದಾರೆ, ಬಂದದ್ದು ಹಿಡಿಸದೆ ಮೆಲ್ಲಗೆ ವಾಪಸಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವವರೂ ಇದ್ದಾರೆ. ಬೆಳಗಾಗುವ ಹೊತ್ತಿಗೆ ಅದು ವಾಟ್ಸ್‌ಆ್ಯಪ್ ಸ್ಟೇಟಸ್ ಆಗಿರುತ್ತದೆ. ಆಮೇಲೆ ವರ್ಷವಿಡೀ ಶೋಕೇಸಿನ ಗಾಜಿಗೆ ಸಿಕ್ಕಿಸಿಕೊಂಡಿರುತ್ತದೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಅಕ್ಷರ ಬಾರದ ಅಜ್ಜಿಯೊಬ್ಬಳು ಮೊಮ್ಮಗನಿಂದ ಓದಿಸಿಕೊಂಡು ಒಂದು ವಚನವನ್ನು ಬಾಯಿಪಾಠ ಮಾಡಿ, ಅದರ ಆಸರೆಯಲ್ಲೇ ವರ್ಷ ಕಳೆದರೆ, ಇಡೀ ಬೈಬಲನ್ನು ಕಪಾಟಿನಲ್ಲಿ ಧೂಳು ಹಿಡಿಯಲು ಬಿಟ್ಟ ಓದಿದವರಿಗಿಂತ ಆಕೆ ಎಷ್ಟೋ ಮುಂದಿದ್ದಾಳೆ. ನನ್ನ ತಕರಾರಿರುವುದು ತಟ್ಟೆಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂಬುದರ ಬಗ್ಗೆ. ಆ ತಟ್ಟೆಯೂ ಒಂದು ಬೈಬಲೇ, ಸಂಕ್ಷಿಪ್ತ ಬೈಬಲು. ಸಂಕ್ಷೇಪಿಸಿದವರು ನಾವು. ಅದರಲ್ಲಿ ದೇವರು ಕೊಡುವುದೆಲ್ಲ ಇದೆ, ಕೇಳುವುದು ಒಂದೂ ಇಲ್ಲ.

ಈ ತಟ್ಟೆಯ ರಾಜವಚನ ಯಾವುದೆಂದು ಕೇಳಿದರೆ ಯೆರೆಮೀಯ 29:11 ಎಂದು ಯಾರಾದರೂ ಹೇಳಿಯಾರು. ದೇವರ ಆಲೋಚನೆ ನಿಮ್ಮ ಹಿತಕ್ಕಾಗಿಯೇ ಇದೆ, ಮುಂದೆ ಒಳ್ಳೆಯ ಗತಿ ಕಾದಿದೆ ಎಂಬ ಭರವಸೆ ಅದು. ವೀಸಾಕ್ಕೆ ಕಾದವರು, ನೀಟ್ ಬರೆಯುವವರು, ಸೈಟಿನ ಸಾಲಕ್ಕೆ ಅರ್ಜಿ ಹಾಕಿದವರು ಎಲ್ಲರಿಗೂ ಹೊಂದುವ ವಚನ. ಆದರೆ ಇದು ಯಾರಿಗೆ ಹೋದ ಕಾಗದ? ಕ್ರಿಸ್ತಪೂರ್ವ 597ರಲ್ಲಿ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಹಿಡಿದೊಯ್ದ ಸೆರೆಯಾಳುಗಳಿಗೆ. ಹಿರಿಯರು, ಯಾಜಕರು, ಪ್ರವಾದಿಗಳು, ಸಾಮಾನ್ಯರು ಎಲ್ಲರಿಗೂ ಸೇರಿ ಬಂದ ಒಂದೇ ಪತ್ರ. ಹನ್ನೊಂದನೆಯ ವಚನಕ್ಕೆ ಮೊದಲು ಹತ್ತನೆಯದಿದೆ, ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಎಂದರೆ ಅದನ್ನು ಓದಿಸಿ ಕೇಳಿದ ವಯಸ್ಕರಲ್ಲಿ ಬಹುಪಾಲು ಜನ ಆ ಒಳ್ಳೆಯ ದಿನವನ್ನು ಕಾಣದೆಯೇ ಸಾಯುವವರು. ಅದಕ್ಕೂ ಮೊದಲು ಏಳನೆಯ ವಚನ. ನಿಮ್ಮನ್ನು ಸೆರೆ ಒಯ್ದ ಊರಿನ ಕ್ಷೇಮಕ್ಕಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿರಿ ಎಂದು ಅಲ್ಲಿ ಅಪ್ಪಣೆಯಾಗುತ್ತದೆ. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಲ್ಲೇ ಬೇರೂರಿ ಎಂಬುದೂ ಅದೇ ಪತ್ರದಲ್ಲಿದೆ. ನಾವು ಬೇರುಗಳನ್ನೆಲ್ಲ ಕತ್ತರಿಸಿ ಹೂವೊಂದನ್ನು ಕಾರ್ಡಿಗೆ ಅಂಟಿಸಿದ್ದೇವೆ.

ಸೋಜಿಗವೆಂದರೆ, ನಮ್ಮ ತಟ್ಟೆಗೆ ಹೇಳಿ ಮಾಡಿಸಿದಂಥ ಪ್ರವಾದಿಯೂ ಅದೇ ಪುಸ್ತಕದಲ್ಲಿದ್ದಾನೆ, ಒಂದು ಅಧ್ಯಾಯ ಹಿಂದೆ. ಹನನ್ಯ ಅವನ ಹೆಸರು. ಬಾಬೆಲಿನ ನೊಗ ಮುರಿಯುತ್ತದೆ, ಎರಡೇ ವರ್ಷದಲ್ಲಿ ಎಲ್ಲರೂ ಮನೆಗೆ ಮರಳುತ್ತಾರೆ ಎಂದು ದೇವಾಲಯದಲ್ಲಿ ಜನರೆಲ್ಲರ ಮುಂದೆ ಸಾರುತ್ತಾನೆ. ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ ಕೂಡ. ಇದರ ನಡುವೆ ಯೆರೆಮೀಯ ಮಾಡಿದ್ದನ್ನು ಗಮನಿಸಬೇಕು. ನೊಗ ಮುರಿಯುವ ಮೊದಲೇ ‘ಆಮೆನ್’ ಅನ್ನುತ್ತಾನೆ, ಹಾಗೇ ಆಗಲಿ ಎಂದು ಹಾರೈಸುತ್ತಾನೆ! ಸುಖದ ಮಾತು ಸುಳ್ಳಾಗಲಿ ಎಂಬ ಹಟ ಅವನಿಗಿಲ್ಲ. ಬಳಿಕ, ಮರದ ನೊಗದ ಜಾಗಕ್ಕೆ ಕಬ್ಬಿಣದ್ದು ಬರುತ್ತದೆ ಎಂಬ ಮಾತನ್ನು ತಂದು ಹೇಳುತ್ತಾನೆ. ಅದೇ ವರ್ಷದ ಏಳನೆಯ ತಿಂಗಳಲ್ಲಿ ಹನನ್ಯ ಸತ್ತ ಎಂಬಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ. ಹನನ್ಯ ಹೇಳಿದಂಥದ್ದನ್ನೇ ಯೆರೆಮೀಯನ ಹೆಸರಿನಲ್ಲಿ ಅಚ್ಚು ಹಾಕಿಸಿ ಹಂಚುವ ಕೆಲಸವನ್ನು ನಾವು ಯಾವ ಅಳುಕೂ ಇಲ್ಲದೆ ಮಾಡುತ್ತಿದ್ದೇವೆ.

ಹಾಗಂತ ಆ ವಚನ ಇಂದಿನ ಯಾರಿಗೂ ಸಲ್ಲದೆಂದಲ್ಲ. ಬರಕ್ಕೆ ಬೆದರಿ ರಾಯಚೂರು ಕಡೆಯಿಂದ ಗುಳೆ ಬಂದು, ಬೆಂಗಳೂರಿನ ಅಪಾರ್ಟ್‌ಮೆಂಟು ಕಟ್ಟುವ ಜಾಗದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿದ ಹೆಂಗಸಿನ ಕೈಗೆ ಅದೇ ಕಾರ್ಡು ಬಂದರೆ, ಅದು ಬರಬೇಕಾದವರ ಕೈಗೇ ಬಂದಂತೆ. ನೆಲ ಬಿಟ್ಟು ಬಂದು, ತನ್ನದಲ್ಲದ ಊರಿನ ಗೋಡೆ ಎಬ್ಬಿಸುತ್ತಿರುವವಳು ಆಕೆ. ಆ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದಾತ ಅದೇ ವಚನವನ್ನು ಇಎಂಐಗೆ ಹೊಂದಿಸಿಕೊಂಡಾಗ ಮಾತ್ರ ನನಗೆ ಇರುಸುಮುರುಸಾಗುತ್ತದೆ.

ಇನ್ನುಳಿದ ಜನಪ್ರಿಯ ಕಾರ್ಡುಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಧರ್ಮೋಪದೇಶಕಾಂಡದ 28ನೇ ಅಧ್ಯಾಯದಿಂದ ನೀನು ತಲೆಯಾಗುವೆ, ಬಾಲವಾಗುವುದಿಲ್ಲ ಎಂಬ ಭರವಸೆಯನ್ನು ಎತ್ತಿಕೊಳ್ಳುತ್ತೇವೆ. ಆ ಅಧ್ಯಾಯದಲ್ಲಿ ಆಶೀರ್ವಾದಕ್ಕೆ 14 ವಚನ, ಅದೂ ಮಾತು ಕೇಳಿ ನಡೆದರೆ ಎಂಬ ಷರತ್ತಿನ ಮೇಲೆ. ಶಾಪಕ್ಕೆ 54. ನಾಲ್ವತ್ತನಾಲ್ಕನೆಯ ವಚನದಲ್ಲಿ ನಿಮ್ಮ ನಡುವಿನ ಪರದೇಶಿಯೇ ತಲೆಯಾಗುತ್ತಾನೆ, ಬಾಲವಾಗುವವರು ನೀವು. ಬಲ ಕೊಡುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎಂದು ಆಟೋಗಳ ಹಿಂದೆ ಅಂಟಿಸಿಕೊಳ್ಳುವ ಫಿಲಿಪ್ಪಿ 4:13 ಪೌಲ ಸೆರೆಮನೆಯಿಂದ ಬರೆದದ್ದು. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದನ್ನು ಕಲಿತೆ ಎಂಬ ಮಾತಿನ ಬೆನ್ನಿಗೇ ಬರುವ ಸಾಲು ಅದು, ರ‍್ಯಾಂಕಿಗೂ ಪ್ರಮೋಷನ್ನಿಗೂ ಅದರಲ್ಲಿ ಜಾಗವಿಲ್ಲ.

ಎಲ್ಲಕ್ಕಿಂತ ಇಕ್ಕಟ್ಟಿನದು 91ನೇ ಕೀರ್ತನೆ. ಕಾಲು ಕಲ್ಲಿಗೆ ತಗಲದಂತೆ ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂಬ ಅದರ ಭರವಸೆಯನ್ನು ಸುವಾರ್ತೆಗಳಲ್ಲಿ ಯೇಸುವಿನ ಮುಂದಿಡುವವನು ಯಾರು? ಸೈತಾನ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಬರೆದಿದೆಯಲ್ಲ, ಧುಮುಕು ನೋಡೋಣ ಎಂಬ ಧಾಟಿಯಲ್ಲಿ ಕೆಣಕುತ್ತಾನೆ. ಒಂದು ವಾಗ್ದಾನವನ್ನು ಅದರ ಜಾಗದಿಂದ ಕಿತ್ತು ತಂದು, ಇದು ನಿನಗೇ ಎಂದು ಕೈಗಿಟ್ಟದ್ದು ಅಲ್ಲಿ ಅವನೇ. ಯೇಸು ಆ ವಚನ ಸುಳ್ಳೆನ್ನಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂಬ ಇನ್ನೊಂದು ವಚನವನ್ನು ಅದರ ಪಕ್ಕದಲ್ಲಿಟ್ಟ. ಬೈಬಲ್ ಓದುವುದು ಹೇಗೆಂಬ ಪಾಠ ಬೈಬಲಿನಲ್ಲೇ ಇಷ್ಟು ಸ್ಪಷ್ಟವಾಗಿರುವಾಗ ನಾವು ಒಂಟಿ ವಚನಗಳಿಗೆ ಜೋತುಬೀಳುವುದು ವಿಚಿತ್ರ. ಅಂದಹಾಗೆ, ಹೊಸ ಒಡಂಬಡಿಕೆಗೆ ಈಗ ನಾವು ಬಳಸುವ ವಚನಸಂಖ್ಯೆಗಳನ್ನು ಹಾಕಿದ್ದು 1551ರಲ್ಲಿ, ರೊಬೇರ್ ಎತಿಯೆನ್ ಎಂಬ ಮುದ್ರಕ. ಪೌಲ ಬರೆದದ್ದು ಕಾಗದ, ಅದನ್ನು ಚೀಟಿಗಳಾಗಿ ಹರಿಯುವುದಕ್ಕೆ ಅನುಕೂಲವಾದದ್ದು ಆಮೇಲೆ.

ಚೀಟಿ ಎತ್ತುವ ಪದ್ಧತಿಗೂ ಒಂದು ಗೌರವಸ್ಥ ಮನೆತನವಿದೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ಮೊರೇವಿಯನ್ ಸಭೆಯವರಿಗಾಗಿ ಕೌಂಟ್ ತ್ಸಿನ್‌ಜೆನ್‌ಡಾರ್ಫ್ 1728ರಲ್ಲಿ ದಿನಕ್ಕೊಂದು ವಚನ ಕೊಡಲು ಶುರುಮಾಡಿದ. 1731ರಿಂದ ಅದು ‘ಲೋಸುಂಗೆನ್’ ಎಂಬ ಹೆಸರಿನ ಪುಸ್ತಕವಾಗಿ ಪ್ರತಿವರ್ಷ ಅಚ್ಚಾಗುತ್ತಿದೆ, ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ. ಅಲ್ಲೂ ಚೀಟಿ ಎತ್ತಿಯೇ ವಚನ ಆರಿಸುತ್ತಾರೆ. ಆದರೆ ಎರಡು ಸಂಗತಿ ನೋಡಿ. ಮೊದಲ ದಿನಗಳಲ್ಲಿ ಆ ವಚನವನ್ನು ಸಭೆಯವರೊಬ್ಬರು ಮನೆಮನೆಗೆ ಹೋಗಿ ಹೇಳುತ್ತಿದ್ದರು, ಮನೆಯವರ ಕಷ್ಟಸುಖ ವಿಚಾರಿಸಿಕೊಂಡೂ ಬರುತ್ತಿದ್ದರು. ಇನ್ನೊಂದು, ಹಳೇ ಒಡಂಬಡಿಕೆಯಿಂದ ಎತ್ತಿದ ವಚನವನ್ನು ಒಂಟಿಯಾಗಿ ಬಿಡುವುದಿಲ್ಲ. ಅದಕ್ಕೆ ಹೊಂದುವ ಬೋಧನೆಯ ವಚನವೊಂದನ್ನು ಹೊಸ ಒಡಂಬಡಿಕೆಯಿಂದ ಯೋಚಿಸಿ ಆರಿಸಿ ಜತೆಗಿಡುತ್ತಾರೆ. ನಮ್ಮ ತಟ್ಟೆಯಲ್ಲಿ ಉಳಿದದ್ದು ಚೀಟಿ ಮಾತ್ರ, ಬಾಗಿಲು ತಟ್ಟುವವರೂ ಇಲ್ಲ, ಜತೆಯ ವಚನವೂ ಇಲ್ಲ. ಇಂಗ್ಲೆಂಡಿನ ಪ್ರಸಿದ್ಧ ಪ್ರಸಂಗಿ ಸ್ಪರ್ಜನ್ 1888ರಲ್ಲಿ ದಿನಕ್ಕೊಂದು ವಾಗ್ದಾನದ ಪುಸ್ತಕ ಬರೆದು ಅದಕ್ಕೆ ವಿಶ್ವಾಸದ ಬ್ಯಾಂಕಿನ ಚೆಕ್‌ಬುಕ್ ಎಂಬರ್ಥದ ಹೆಸರಿಟ್ಟ. ಬರೆದವನು ತಾನೇ ಕಷ್ಟದ ಹೊಳೆಯಲ್ಲಿ ಈಜುತ್ತಿದ್ದವನಾದ್ದರಿಂದ ಪುಸ್ತಕ ಸಪ್ಪೆಯಲ್ಲ. ಆದರೂ ಆ ಚೆಕ್ಕಿನ ಉಪಮೆ ಮಾಡಿದ ಅನಾಹುತ ಸಣ್ಣದಲ್ಲ. ಚೆಕ್ ಹಿಡಿದು ಕೌಂಟರಿಗೆ ಹೋದವನು ಹಣ ಎಣಿಸಿಕೊಂಡು ಹೊರಡುತ್ತಾನೆ, ಒಳಗಿರುವವರ ಮುಖ ನೋಡಬೇಕಾದ ಪ್ರಮೇಯವಿಲ್ಲ.

ಒಂದೇ ವಚನ ಮನುಷ್ಯನನ್ನು ಹಿಡಿದು ಅಲ್ಲಾಡಿಸಬಲ್ಲದು ಎಂಬುದಕ್ಕೆ ನನಗೆ ಸಾಕ್ಷಿ ಡೀಟ್ರಿಶ್ ಬೊನ್‌ಹೋಫರ್. ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ, ದಿನಾ ಲೋಸುಂಗೆನ್ ಓದುತ್ತಿದ್ದವನು. 1939ರ ಜೂನ್‌ನಲ್ಲಿ ಸ್ನೇಹಿತರು ಅವನನ್ನು ಸುರಕ್ಷಿತವಾಗಿ ನ್ಯೂಯಾರ್ಕಿಗೆ ಕರೆಸಿಕೊಂಡಿದ್ದರು. ಅಲ್ಲಿ ಅವನಿಗೆ ನಿಲ್ಲಲಾಗಲಿಲ್ಲ, ಮರಳುವ ಮನಸ್ಸು ಮಾಡಿದ. ಆ ತಳಮಳದ ನಡುವೆ ಜೂನ್ 26ರಂದು, ಚಳಿಗಾಲಕ್ಕೆ ಮೊದಲೇ ಬಾ ಎಂದು ಪೌಲ ತಿಮೊಥೆಗೆ ಬರೆದ ಮಾತು ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಅದರಲ್ಲಿ ವಾಗ್ದಾನವೆಂಬುದೇ ಇಲ್ಲ. ಹಳೆಯ ಕಾಗದವೊಂದರ ಕೊನೆಯ ಪ್ರಯಾಣದ ಮಾತು, ಯಾವ ಮುದ್ರಕನೂ ಅದನ್ನು ಕಾರ್ಡಿಗೆ ಆರಿಸಲಾರ. ಅದು ದಿನವಿಡೀ ಬೆನ್ನುಬಿಡಲಿಲ್ಲವೆಂದೂ, ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಗ್ರಂಥದ ದುರುಪಯೋಗವಾಗದೆಂದೂ ದಿನಚರಿಯಲ್ಲಿ ಬರೆದುಕೊಂಡ. ಜುಲೈನಲ್ಲಿ ಹಡಗು ಹತ್ತಿದ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಂದರ್ಭ ಬಿಟ್ಟು ಓದಿದ್ದು ತಪ್ಪೆನ್ನುವುದಾದರೆ ಅವನದೂ ತಪ್ಪೇ. ಆದರೆ ಅವನು ಓದಿಕೊಂಡದ್ದು ತನಗೆ ನಷ್ಟವಾಗುವ ದಿಕ್ಕಿನಲ್ಲಿ. ವಚನವನ್ನು ನನ್ನದಾಗಿಸಿಕೊಳ್ಳುವ ಓದಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ.

ನಮ್ಮಲ್ಲೇ ಈ ಬಗೆಯ ಓದಿಗೆ ಸಮನಾದ ಇನ್ನೊಂದು ಆರಾಧನೆಯಿದೆ, ಅದಕ್ಕೆ ಗಿರಾಕಿಗಳು ಕಡಿಮೆ. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ 1755ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆ ಎಂಬುದನ್ನು ನಡೆಸಿದ. ಹೊಸ ವರ್ಷದ ಹೊತ್ತಿಗೆ ಅದನ್ನು ನಡೆಸುವ ವಾಡಿಕೆ ಬೆಳೆಯಿತು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿಎಸ್‌ಐ) ಸೇರಿದವು, ಆ ಆರಾಧನೆಯೂ ಸಿಎಸ್‌ಐ ಪುಸ್ತಕದಲ್ಲಿ ಉಳಿಯಿತು. ಅದರಲ್ಲಿ ಕೊಡುವವನು ವಿಶ್ವಾಸಿ. ದುಡಿಮೆಯೋ ಬಿಡುವೋ, ಸಮೃದ್ಧಿಯೋ ಬರಿಗೈಯೋ, ಯಾರ ಸಾಲಿನಲ್ಲಿ ಕೂರುವುದೋ, ಅದೆಲ್ಲವನ್ನೂ ದೇವರ ಇಷ್ಟಕ್ಕೆ ಬಿಡುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಗಾಜಿಗೆ ಸಿಕ್ಕಿಸಲು ಕಾರ್ಡು ಕೊಡುವುದಿಲ್ಲ. ಮಧ್ಯರಾತ್ರಿ ಕಿಕ್ಕಿರಿಯುವ ಬೆಂಚುಗಳು ಈ ಆರಾಧನೆಗೆ ಅರ್ಧವೂ ತುಂಬದ್ದನ್ನು ನಾನು ಕಂಡಿದ್ದೇನೆ.

ತಟ್ಟೆ ಇರಲಿ. ಅದರಲ್ಲಿ ಹಳೆಯ ಕಾರ್ಡುಗಳ ಜತೆ ಇನ್ನೊಂದಷ್ಟು ಬೆರೆಸಿ. ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗೂ ಬಿಡಿ ಎನ್ನುವ ಯಾಜಕಕಾಂಡ 19. ಎರಡು ಅಂಗಿ ಇದ್ದವನು ಒಂದನ್ನು ಕೊಡಲಿ ಎನ್ನುವ ಲೂಕ 3:11. ಕೂಲಿ ಹಿಡಿದಿಟ್ಟುಕೊಂಡರೆ ಆ ಕೂಲಿಯೇ ಕೂಗುತ್ತದೆ ಎನ್ನುವ ಯಾಕೋಬ 5:4. ಈ ಕೊನೆಯದು ಸಭೆಯ ಲೆಕ್ಕಪತ್ರ ನೋಡುವ ಕಂಟ್ರ್ಯಾಕ್ಟರ್ ಒಬ್ಬರ ಕೈಗೆ ಬಂತೆಂದುಕೊಳ್ಳಿ. ಅವರು ಅದನ್ನು ಸ್ಟೇಟಸ್ ಹಾಕುತ್ತಾರೋ ಇಲ್ಲವೋ, ಸೋಮವಾರ ಮೇಸ್ತ್ರಿಗೆ ಫೋನ್ ಮಾಡುವ ಸಾಧ್ಯತೆ ಮಾತ್ರ ಇದೆ. ಇನ್ನು ಮತ್ತಾಯ 5:23-24. ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎನ್ನುವ ವಚನ. ಅಪ್ಪನ ಆಸ್ತಿಯ ವ್ಯಾಜ್ಯಕ್ಕೆ ಕೋರ್ಟು ಹತ್ತಿ, ಒಂದೇ ದೇವಾಲಯದ ಆಚೆ ಬದಿ ಈಚೆ ಬದಿ ಕೂರುವ ಅಣ್ಣತಮ್ಮಂದಿರು ಇಲ್ಲದ ಸಭೆಯನ್ನು ತೋರಿಸಿ ನೋಡೋಣ.

ಹೀಗೆ ಮಾಡಿದರೆ ಜನ ಬರುವುದನ್ನೇ ಬಿಡುತ್ತಾರೆ ಎಂದು ಸಭಾಪಾಲಕರು ಹೇಳಬಹುದು. ಅವರ ಕಷ್ಟವೂ ನಿಜ. ಬೀದಿಯ ತುದಿಯಲ್ಲಿ ದೊಡ್ಡ ಮೈಕು ಹಾಕಿಕೊಂಡು ಬರೀ ಆಶೀರ್ವಾದವನ್ನೇ ಹಂಚುವ ಹೊಸ ಸಭೆಗಳಿವೆ, ಪೈಪೋಟಿ ಜೋರಾಗಿದೆ. ಹಾಗಿದ್ದರೆ ಹೆರ್ನ್‌ಹೂಟಿನವರ ಉಪಾಯವೇ ಸಾಕು. ಮುಂಬದಿ ಹಿಮದ ಬೆಟ್ಟ, ವಾಗ್ದಾನ ಎಲ್ಲ ಹಾಗೇ ಇರಲಿ, ಹಿಂಬದಿಗೆ ಸಣ್ಣ ಅಕ್ಷರದಲ್ಲಿ ಜತೆಯ ವಚನ. ಯೆರೆಮೀಯ 29:11ರ ಬೆನ್ನಿಗೆ 29:7. ತಲೆಯಾಗುವ ವಚನದ ಬೆನ್ನಿಗೆ ಅದರ ಷರತ್ತು. 91ನೇ ಕೀರ್ತನೆಯ ಬೆನ್ನಿಗೆ ದೇವಾಲಯದ ಶಿಖರದ ಮೇಲೆ ಯೇಸು ಕೊಟ್ಟ ಉತ್ತರ. ಖರ್ಚೇನೂ ಹೆಚ್ಚುವುದಿಲ್ಲ, ಈಗ ಆ ಬದಿಯಲ್ಲಿ ಅಚ್ಚಾಗುತ್ತಿರುವುದು ಕ್ಯಾಲೆಂಡರು ಅಥವಾ ಪ್ರಾಯೋಜಕರ ಅಂಗಡಿಯ ಹೆಸರು.